ಕ್ರಯಪತ್ರವೂ ಪರವಾನಗಿ ಪತ್ರವೂ

ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಮೂಲವನ್ನು ಪೂರ್ತಿ ಓದದೆ ಅಭಿಪ್ರಾಯ ಹೇಳಬಾರದು ಎಂಬುದು ನಾನು ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮೊದಲ ಮಾತು. ಆ ಮಾತನ್ನು ನಾನೇ ಮರೆತ ಒಂದು ಪ್ರಸಂಗದಿಂದ ಈ ಭಾಷಣವನ್ನು ಆರಂಭಿಸಬೇಕಾಗಿದೆ.

ಎರಡು ವರ್ಷಗಳ ಹಿಂದೆ ನನ್ನ ಹಿರಿಯ ಮೊಮ್ಮಗ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದ. ಏನು ಬೇಕೆಂದು ಕೇಳಿದೆ. ಕಂಪ್ಯೂಟರಿನಲ್ಲಿ ಆಡುವ ಒಂದು ವಿಡಿಯೋ ಗೇಮ್ ಬೇಕೆಂದ. ಬೆಲೆ ಕೇಳಿದಾಗ ಒಂದು ದೊಡ್ಡ ನಿಘಂಟಿನ ನೆನಪಾಯಿತು. ಆದರೂ ಮಾತು ಕೊಟ್ಟಾಗಿತ್ತು. ಹಣ ಕಟ್ಟಿದ ಮೇಲೆ ಪರದೆಯ ಮೇಲೆ ಇಂಗ್ಲಿಷಿನ ಉದ್ದನೆಯ ಬರಹವೊಂದು ಮೂಡಿತು. ಹದಿನೆಂಟು ತುಂಬದವರ ಪರವಾಗಿ ಹಿರಿಯರು ಒಪ್ಪಿಗೆ ಕೊಡಬೇಕೆಂದು ಅದರಲ್ಲಿತ್ತು. "ತಾತ, ಕೆಳಗಡೆ ‘ಐ ಅಗ್ರೀ’ ಅಂತ ಇದೆಯಲ್ಲ, ಅದನ್ನ ಒತ್ತಿ" ಎಂದ ಹುಡುಗ. ಒತ್ತಿದೆ. ಒಂದು ಸಾಲನ್ನೂ ಓದಲಿಲ್ಲ.

ಈ ವರ್ಷ ಅವನು ಎಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೊರಟ. ಹೊರಡುವ ಮುನ್ನ ಆ ಆಟವನ್ನು ನನ್ನ ಮಗಳ ಮಗನಿಗೆ, ಅಂದರೆ ತನ್ನ ತಮ್ಮನಿಗೆ, ಕೊಟ್ಟುಹೋಗಬೇಕೆಂದು ಅವನ ಆಸೆ. ಸೈಕಲ್ಲನ್ನು ಕೊಟ್ಟ, ಕ್ರಿಕೆಟ್ ಬ್ಯಾಟನ್ನು ಕೊಟ್ಟ. ಆಟವನ್ನು ಮಾತ್ರ ಕೊಡಲಾಗಲಿಲ್ಲ. ಕಂಪೆನಿಗೆ ಬರೆದು ಕೇಳಿದ್ದಕ್ಕೆ, ವರ್ಗಾವಣೆಗೆ ಅವಕಾಶವಿಲ್ಲ, ಖಾತೆಯನ್ನು ಬೇರೆಯವರ ಕೈಗೆ ಕೊಟ್ಟರೆ ಅದನ್ನು ಮುಚ್ಚುವ ಅಧಿಕಾರ ತನಗುಂಟು ಎಂದು ಉತ್ತರ ಬಂತು. "ದುಡ್ಡು ಕೊಟ್ಟು ತಗೊಂಡಿದ್ದು ನಮ್ಮದೇ ಅಲ್ವಾ ತಾತ?" ಎಂದು ಹುಡುಗ ಕೇಳಿದ. ಒಪ್ಪಿಗೆಯ ಗುಂಡಿ ಒತ್ತಿದವನು ನಾನು. ಉತ್ತರ ಹೇಳುವ ಹೊಣೆಯೂ ನನ್ನದೇ ಆಯಿತು. ಆ ಕರಾರನ್ನು ಮುದ್ರಿಸಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು, ಎರಡು ಮಧ್ಯಾಹ್ನ ಕುಳಿತು ಓದಿದೆ. ಆ ಮೇಲೆ ಕುತೂಹಲ ಬೆಳೆದು ಇಂಥವೇ ಇನ್ನೂ ಕೆಲವನ್ನು ಓದಿದೆ. ಅವುಗಳ ಅರ್ಥವನ್ನು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳುವುದು ಇಂದಿನ ಉದ್ದೇಶ.

ನನಗೆ ಈ ಓದಿನಲ್ಲಿ ನೆರವಾದದ್ದು ನಮ್ಮ ತಂದೆಯವರ ಪೆಟ್ಟಿಗೆಯಲ್ಲಿದ್ದ ಒಂದು ಹಳೆಯ ಕ್ರಯಪತ್ರ. ಹಳೆಯ ಮೈಸೂರು ಸೀಮೆಯ ಜಮೀನು ಪತ್ರಗಳನ್ನು ನೋಡಿದವರಿಗೆ ಅದರ ಒಕ್ಕಣೆ ಗೊತ್ತು. ಕೊಂಡವನಿಗೆ ಆ ನೆಲ ದಾನ, ಆಧಿ, ಕ್ರಯ, ವಿನಿಮಯಗಳಿಗೆ ಯೋಗ್ಯವಾಗಿ ಸಲ್ಲುತ್ತದೆ. ಅವನು ಅದನ್ನು ಯಾರಿಗಾದರೂ ಕೊಡಬಹುದು, ಅಡವಿಡಬಹುದು, ಮಾರಬಹುದು, ಬದಲಾಯಿಸಿಕೊಳ್ಳಬಹುದು. ಪುತ್ರಪೌತ್ರ ಪಾರಂಪರ್ಯವಾಗಿ, ಸೂರ್ಯಚಂದ್ರರು ಇರುವವರೆಗೆ, ಅದು ಅವನ ವಂಶದ್ದು. ವಿಜಯನಗರದ ಕಾಲದ ತಾಮ್ರಶಾಸನಗಳಲ್ಲಿಯೂ ಇದೇ ನಾಲ್ಕು ಹಕ್ಕುಗಳ ಎಣಿಕೆ ಇದೆ. ಒಡೆತನ ಎಂದರೇನು ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಲಕ್ಷಣವನ್ನು ನಾನು ಕಂಡಿಲ್ಲ. ಯಾವುದೇ ವಸ್ತುವನ್ನು ಮುಂದಿಟ್ಟುಕೊಂಡು ಈ ನಾಲ್ಕು ಪ್ರಶ್ನೆ ಕೇಳಿದರೆ ಅದು ನಮ್ಮದೋ ಅಲ್ಲವೋ ಎಂಬುದು ತೀರ್ಮಾನವಾಗುತ್ತದೆ.

ಈಗ ಆಟದ ಕರಾರಿಗೆ ಬರೋಣ. ಅದರ ಇಂಗ್ಲಿಷ್ ಹೆಸರು ‘ಎಂಡ್ ಯೂಸರ್ ಲೈಸೆನ್ಸ್ ಅಗ್ರಿಮೆಂಟ್’. ಬಳಸುವವನಿಗೆ ಕೊಡುವ ಪರವಾನಗಿಯ ಕರಾರು. ಇಪ್ಪತ್ತು ಮೂವತ್ತು ಪುಟ ಇದ್ದರೂ ಅದರ ಜೀವ ಒಂದೇ ವಾಕ್ಯದಲ್ಲಿದೆ: ಈ ಆಟವನ್ನು ನಿಮಗೆ ಮಾರಿಲ್ಲ, ಆಡುವ ಪರವಾನಗಿಯನ್ನಷ್ಟೇ ಕೊಡಲಾಗಿದೆ. ಆ ಪರವಾನಗಿಗೆ ಸಾಲಾಗಿ ವಿಶೇಷಣಗಳು ಅಂಟಿಕೊಂಡಿರುತ್ತವೆ. ಓದುಗರು ದಾಟಿಹೋಗುವುದು ಈ ವಿಶೇಷಣಗಳನ್ನೇ. ಕರಾರಿನ ತೂಕವೆಲ್ಲ ಇರುವುದೂ ಅಲ್ಲಿಯೇ. ‘ಪರಿಮಿತ’ ಎಂದರೆ ಹೇಳಿದಷ್ಟೇ ಹಕ್ಕು, ಹೇಳದೆ ಬಿಟ್ಟದ್ದು ನಿಮ್ಮದಲ್ಲ. ‘ವೈಯಕ್ತಿಕ’ ಎಂದರೆ ನಿಮಗೊಬ್ಬರಿಗೇ, ಮನೆಮಂದಿಗಲ್ಲ. ‘ವಾಣಿಜ್ಯೇತರ’ ಎಂದರೆ ಆಡಿಸಿ ಹಣ ಮಾಡುವಂತಿಲ್ಲ. ‘ಏಕಸ್ವಾಮ್ಯವಲ್ಲದ’ ಎಂದರೆ ಇದೇ ಪರವಾನಗಿಯನ್ನು ಲಕ್ಷ ಜನಕ್ಕೂ ಕೊಡುತ್ತಾರೆ. ‘ವರ್ಗಾಯಿಸಲಾಗದ’ ಎಂದರೆ ದಾನವಿಲ್ಲ, ಆಧಿಯಿಲ್ಲ, ಕ್ರಯವಿಲ್ಲ, ವಿನಿಮಯವಿಲ್ಲ. ಕ್ರಯಪತ್ರದ ನಾಲ್ಕು ಹಕ್ಕುಗಳನ್ನೂ ಈ ಒಂದು ಪದ ಅಳಿಸಿಹಾಕುತ್ತದೆ. ಕೊನೆಯದು ‘ಹಿಂತೆಗೆದುಕೊಳ್ಳಬಹುದಾದ’; ಸೂರ್ಯಚಂದ್ರರ ಮಾತು ಹಾಗಿರಲಿ, ಕೊಟ್ಟವರ ಮನಸ್ಸು ಇರುವವರೆಗೆ. ನಮ್ಮ ಊರುಗಳಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕಿಕೊಂಡವರಿಗೆ ಕೂಡ ಇದಕ್ಕಿಂತ ಹೆಚ್ಚು ಭದ್ರತೆ ಉಂಟು. ಬಿಡುವಾಗ ಕೊಟ್ಟ ಹಣವಾದರೂ ಹಿಂದಕ್ಕೆ ಬರುತ್ತದೆ.

ಪುಸ್ತಕಕ್ಕೆ ಇಲ್ಲದ ಈ ಏರ್ಪಾಡು ಆಟಕ್ಕೆ ಹೇಗೆ ಬಂತು? ಪುಸ್ತಕಕ್ಕೂ ಇದನ್ನು ತರಲು ಹಿಂದೊಮ್ಮೆ ಪ್ರಯತ್ನ ನಡೆದಿತ್ತು. ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ‘ದಿ ಕ್ಯಾಸ್ಟವೇ’ ಎಂಬ ಕಾದಂಬರಿಯೊಳಗೆ, ಇದನ್ನು ಒಂದು ಡಾಲರಿಗಿಂತ ಕಡಮೆಗೆ ಮಾರಿದರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆ ಎಂದು ಅಚ್ಚು ಹಾಕಿಸಿತು. ನ್ಯೂಯಾರ್ಕಿನ ಮೇಸಿ ಎಂಬ ದೊಡ್ಡ ಅಂಗಡಿ ಅದನ್ನು ೮೯ ಸೆಂಟಿಗೆ ಮಾರಿತು. ೧೯೦೮ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟವನ್ನು ಹೀಗೆ ನಿಯಂತ್ರಿಸುವ ಹಕ್ಕು ಪ್ರಕಾಶಕನಿಗೆ ಇಲ್ಲವೆಂದಿತು. ಹಳೆಯ ಪುಸ್ತಕದ ಅಂಗಡಿಗಳು, ಸಾಲ ಕೊಡುವ ಗ್ರಂಥಾಲಯಗಳು, ಒಬ್ಬರಿಂದೊಬ್ಬರಿಗೆ ಕೈ ಬದಲಾಗುವ ಕಾದಂಬರಿಗಳು ಎಲ್ಲವೂ ಇಂಥ ತತ್ತ್ವದ ನೆರಳಿನಲ್ಲಿಯೇ ಬದುಕಿರುವುದು.

ಕಂಪ್ಯೂಟರ್ ಬಂದಾಗ ಉದ್ಯಮದವರು ಈ ತತ್ತ್ವವನ್ನು ಬದಿಗೆ ಸರಿಸುವ ದಾರಿ ಕಂಡುಕೊಂಡರು. ಮಾರಿದರಲ್ಲವೆ ಹಕ್ಕು ಮುಗಿಯುವುದು? ಮಾರಲೇಬಾರದು, ಪರವಾನಗಿ ಕೊಡಬೇಕು. ಆರಂಭದಲ್ಲಿ ಕರಾರು ಡಬ್ಬಿಯ ಒಳಗೆ ಇರುತ್ತಿತ್ತು. ಮೇಲಿನ ಹೊದಿಕೆ ಹರಿದರೆ ಒಪ್ಪಿದಂತೆ ಎಂದು ಬರೆದಿರುತ್ತಿತ್ತು. ಹಣ ಕೊಟ್ಟು ಮನೆಗೆ ತಂದ ಮೇಲೆ ಕಾಣುವ ಕರಾರು ಸಿಂಧುವೆ ಎಂಬ ಪ್ರಶ್ನೆ ಎದ್ದಿತು. ೧೯೯೬ರಲ್ಲಿ ಪ್ರೊಸಿಡಿ ಎಂಬ ಕಂಪೆನಿಯ ಮೊಕದ್ದಮೆಯಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ, ಓದಿ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸುವ ಅವಕಾಶ ಇರುವುದರಿಂದ ಅದು ಸಿಂಧುವೇ ಎಂದಿತು. ೨೦೧೦ರಲ್ಲಿ ಆಟೋಡೆಸ್ಕ್ ಕಂಪೆನಿಯ ಮೊಕದ್ದಮೆಯಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಪರವಾನಗಿ ಎಂದು ಕರೆದು ವರ್ಗಾವಣೆಗೂ ಬಳಕೆಗೂ ಗಣನೀಯ ನಿರ್ಬಂಧ ಹಾಕಿದ್ದರೆ ಪಡೆದವನು ಆ ಪ್ರತಿಯ ಒಡೆಯನಲ್ಲ ಎಂದು ಹೇಳಿತು.

ಯೂರೋಪಿನ ದಾರಿ ಸ್ವಲ್ಪ ಬೇರೆ. ೨೦೧೨ರಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ ಒರಾಕಲ್ ಕಂಪೆನಿಯ ಮೊಕದ್ದಮೆಯಲ್ಲಿ, ಕಾಲಮಿತಿಯಿಲ್ಲದೆ ಹಣ ಕೊಟ್ಟು ಪಡೆದ ಸಾಫ್ಟ್‌ವೇರನ್ನು ಮತ್ತೆ ಮಾರಬಹುದೆಂದಿತು. ಆಟಗಳಿಗೂ ಇದು ಅನ್ವಯಿಸಬೇಕೆಂದು ಫ್ರಾನ್ಸಿನ ಬಳಕೆದಾರರ ಸಂಘವೊಂದು ವಾಲ್ವ್ ಕಂಪೆನಿಯ ಮೇಲೆ ಮೊಕದ್ದಮೆ ಹೂಡಿತು. ಆಟಗಳನ್ನು ಮಾರುವ ‘ಸ್ಟೀಮ್’ ಎಂಬ ದೊಡ್ಡ ಮಳಿಗೆ ವಾಲ್ವ್‌ನದು. ೨೦೧೯ರಲ್ಲಿ ಪ್ಯಾರಿಸಿನ ನ್ಯಾಯಾಲಯ ಸಂಘದ ಪರವಾಗಿ ತೀರ್ಪಿತ್ತಿತು. ೨೦೨೨ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆಟವೆಂದರೆ ಬರಿಯ ಸಾಫ್ಟ್‌ವೇರ್ ಅಲ್ಲ, ಚಿತ್ರ, ಸಂಗೀತ, ಕಥೆ ಎಲ್ಲ ಕೂಡಿದ ಸಂಕೀರ್ಣ ಕೃತಿ ಎಂಬುದು ಅದರ ವಾದ. ಸಾಹಿತ್ಯದ ಮೇಷ್ಟರಾದ ನನಗೆ ಈ ಮಾತು ಮೆಚ್ಚಿಕೆಯಾಗಬೇಕಿತ್ತು. ಆದರೆ ಕೃತಿಯ ಗೌರವ ಹೆಚ್ಚಿದಂತೆ ಓದುಗನ ಹಕ್ಕು ಕಡಮೆಯಾಗುವ ಈ ಲೆಕ್ಕ ನನಗೆ ಹಿಡಿಸಲಿಲ್ಲ.

ಇದು ವಕೀಲರ ವಾಗ್ವಾದವಷ್ಟೇ ಎಂದು ಯಾರಾದರೂ ಭಾವಿಸಿದರೆ ‘ದಿ ಕ್ರೂ’ ಎಂಬ ಆಟದ ಕಥೆ ಕೇಳಬೇಕು. ಅದು ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪೆನಿ ೨೦೧೪ರಲ್ಲಿ ತಂದ ಕಾರು ಓಡಿಸುವ ಆಟ. ಒಬ್ಬನೇ ಕುಳಿತು ಆಡಿದರೂ ಅದು ಕಂಪೆನಿಯ ಸರ್ವರಿನೊಡನೆ ಸಂಪರ್ಕದಲ್ಲಿರಬೇಕು. ೨೦೨೪ರ ಮಾರ್ಚ್ ೩೧ರಂದು ಕಂಪೆನಿ ಆ ಸರ್ವರನ್ನು ನಿಲ್ಲಿಸಿತು. ಅಂದು ಆ ಆಟ ಯಾರಿಗೂ ಇಲ್ಲವಾಯಿತು. ಅಂಗಡಿಯಲ್ಲಿ ತಟ್ಟೆಯನ್ನು ಕೊಂಡು ಕಪಾಟಿನಲ್ಲಿ ಇಟ್ಟುಕೊಂಡವರಿಗೂ ಇಲ್ಲವಾಯಿತು. ತಟ್ಟೆ ಇತ್ತು, ಆಟವಿರಲಿಲ್ಲ. ಇದರಿಂದ ನೊಂದವರು ಯೂರೋಪಿನಲ್ಲಿ ಸಹಿ ಸಂಗ್ರಹ ಆರಂಭಿಸಿದರು. ಮಾರಾಟವಾದ ಆಟವನ್ನು ನಿಲ್ಲಿಸುವಾಗ ಆಡಲು ಬರುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದಷ್ಟೇ ಅವರ ಬೇಡಿಕೆ. ೨೦೨೫ರ ಜುಲೈ ವೇಳೆಗೆ ಸಹಿಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು.

ಪುಸ್ತಕ ಪ್ರಿಯರೂ ನಿಶ್ಚಿಂತರಾಗಿರುವಂತಿಲ್ಲ. ೨೦೦೯ರ ಜುಲೈನಲ್ಲಿ ಅಮೆಜಾನ್ ಕಂಪೆನಿ ತನ್ನ ಕಿಂಡಲ್ ಓದುಯಂತ್ರಗಳಿಂದ ಕೆಲವು ಪುಸ್ತಕಗಳನ್ನು, ಜನ ಹಣ ಕೊಟ್ಟು ಪಡೆದಿದ್ದವನ್ನು, ದೂರದಿಂದಲೇ ಅಳಿಸಿಹಾಕಿತು. ಅವನ್ನು ಅಲ್ಲಿ ಮಾರಾಟಕ್ಕಿಟ್ಟವರಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ಹಿಂತಿರುಗಿಸಿತು, ಅನಂತರ ಕ್ಷಮೆಯನ್ನೂ ಕೇಳಿತು. ಅಳಿದುಹೋದ ಆ ಪುಸ್ತಕಗಳು ಜಾರ್ಜ್ ಆರ್ವೆಲ್ಲನ ‘ನೈನ್‌ಟೀನ್ ಎಯ್ಟಿಫೋರ್’ ಮತ್ತು ‘ಅನಿಮಲ್ ಫಾರ್ಮ್’. ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಕರಾರಿನ ಉಳಿದ ಕಲಮುಗಳಲ್ಲಿ ನಾಲ್ಕು ಮುಖ್ಯ. ಒಂದು, ಷರತ್ತುಗಳನ್ನು ಕಂಪೆನಿ ಮುಂದೆ ಬದಲಾಯಿಸಬಹುದು. ನೀವು ಆಡುತ್ತಲೇ ಇದ್ದರೆ ಅದೇ ಒಪ್ಪಿಗೆ. ಎರಡು, ಆಟದೊಳಗೆ ಹಣ ಕೊಟ್ಟು ಪಡೆಯುವ ನಾಣ್ಯ, ಕತ್ತಿ, ಉಡುಪುಗಳಿಗೆ ಹೊರಗೆ ಬೆಲೆಯಿಲ್ಲ, ಸಾಮಾನ್ಯವಾಗಿ ಹಿಂದಕ್ಕೂ ಕೊಡುವುದಿಲ್ಲ, ಅವೂ ಪರವಾನಗಿಯೇ. ಮಕ್ಕಳ ಕೈಯಿಂದ ಮನೆಯ ಹಣ ಸೋರಿಹೋಗುವ ದಾರಿ ಹೆಚ್ಚಾಗಿ ಇದು. ಮೂರು, ಆಟದಲ್ಲಿ ನೀವೇ ರಚಿಸಿದ ಚಿತ್ರವನ್ನೋ ನಕ್ಷೆಯನ್ನೋ ಬಳಸಿಕೊಳ್ಳುವ ಹಕ್ಕನ್ನು ನೀವು ಕಂಪೆನಿಗೆ ಕೊಡುತ್ತೀರಿ. ಅವರು ಕೊಟ್ಟ ಪರವಾನಗಿಗೆ ನೂರು ವಿಶೇಷಣ. ನೀವು ಕೊಡುವ ಪರವಾನಗಿ ಹಲವು ವೇಳೆ ಶಾಶ್ವತ, ಜಗದ್ವ್ಯಾಪಿ, ಪುಕ್ಕಟೆ. ನಾಲ್ಕು, ವ್ಯಾಜ್ಯ ಬಂದರೆ ಯಾವ ದೇಶದ ಕಾನೂನು, ಎಲ್ಲಿಯ ನ್ಯಾಯಾಲಯ, ಅಥವಾ ಯಾವ ಮಧ್ಯಸ್ಥಗಾರ ಎಂಬುದನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಮೈಸೂರಿನ ಹುಡುಗ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡುವುದಿಲ್ಲವೆಂಬುದು ಕರಾರು ಬರೆದವರಿಗೆ ಗೊತ್ತು.

ಓದದೆ ಕೊಟ್ಟ ಒಪ್ಪಿಗೆಯೂ ಒಪ್ಪಿಗೆಯೆ? ೨೦೧೦ರ ಏಪ್ರಿಲ್ ಒಂದರಂದು ಇಂಗ್ಲೆಂಡಿನ ಗೇಮ್‌ಸ್ಟೇಷನ್ ಎಂಬ ಅಂಗಡಿಯವರು ತಮಾಷೆಗಾಗಿ ತಮ್ಮ ಷರತ್ತುಗಳಲ್ಲಿ, ಗಿರಾಕಿ ತನ್ನ ಅಮರವಾದ ಆತ್ಮವನ್ನು ನಮಗೆ ಒಪ್ಪಿಸತಕ್ಕದ್ದು ಎಂದು ಒಂದು ಕಲಮು ಸೇರಿಸಿದರು. ಬೇಡವೆನ್ನುವವರಿಗೆ ಒಂದು ಗುರುತು ಹಾಕುವ ಅವಕಾಶವಿತ್ತು. ಹಾಕಿದವರಿಗೆ ಐದು ಪೌಂಡಿನ ಬಹುಮಾನವೂ ಇತ್ತು. ಆದರೂ ಸುಮಾರು ೭,೫೦೦ ಮಂದಿ ಆತ್ಮವನ್ನು ಬರೆದುಕೊಟ್ಟರು. ನಾನು ನಗುವ ಹಕ್ಕು ಉಳ್ಳವನಲ್ಲ. ನಾನು ಒತ್ತಿದ ಗುಂಡಿಯ ಮೇಲೆ ಏನಿತ್ತೋ ನನಗೂ ಗೊತ್ತಿರಲಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ. ೧೮೭೨ರ ಕರಾರು ಕಾಯಿದೆಯಂತೆ ಅಪ್ರಾಪ್ತ ವಯಸ್ಕನಿಗೆ ಕರಾರು ಮಾಡಿಕೊಳ್ಳುವ ಅರ್ಹತೆ ಇಲ್ಲ. ಅಂಥವನ ಕರಾರು ಮೊದಲಿನಿಂದಲೇ ಶೂನ್ಯವೆಂದು ೧೯೦೩ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಹಿರಿಯರಿಂದ ಗುಂಡಿ ಒತ್ತಿಸುವುದು ಏಕೆಂದು ನನಗೆ ಆಗ ಅರ್ಥವಾಯಿತು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ‘ಅನ್ಯಾಯದ ಕರಾರು’ ಎಂಬುದನ್ನು ಗುರುತಿಸುತ್ತದೆ. ಸಕಾರಣವಿಲ್ಲದೆ ಒಂದೇ ಪಕ್ಷ ಕರಾರನ್ನು ಮುರಿಯುವ ಅಧಿಕಾರ, ಗ್ರಾಹಕನನ್ನು ಇಕ್ಕಟ್ಟಿಗೆ ತಳ್ಳುವ ಅಸಮಂಜಸ ಷರತ್ತು ಇಂಥವು ಅದರಲ್ಲಿ ಸೇರುತ್ತವೆ. ಇವುಗಳ ಮೇಲೆ ರಾಜ್ಯ ಆಯೋಗದ ಮುಂದೆ ದೂರು ಕೊಡಬಹುದು. ಗ್ರಾಹಕ ತಾನು ವಾಸಿಸುವ ರಾಜ್ಯದಲ್ಲಿಯೇ ಕೊಡಬಹುದು. ಸಾಫ್ಟ್‌ವೇರನ್ನು ನ್ಯಾಯವಾಗಿ ಪಡೆದವನು ಅದು ಕೆಟ್ಟುಹೋದೀತೆಂಬ ಮುನ್ನೆಚ್ಚರಿಕೆಗಾಗಿ ತಾತ್ಕಾಲಿಕವಾಗಿ ಒಂದು ಪ್ರತಿ ಮಾಡಿಟ್ಟುಕೊಳ್ಳುವುದನ್ನು ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆ, ಅದರ ತಿದ್ದುಪಡಿಗಳೊಂದಿಗೆ, ಉಲ್ಲಂಘನೆಯೆಂದು ಎಣಿಸುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಡಬ್ಬಿಯಲ್ಲಿ ಮಾರುವ ಸಿದ್ಧ ಸಾಫ್ಟ್‌ವೇರ್ ‘ಸರಕು’ ಎಂದು ೨೦೦೪ರಲ್ಲಿ ನಮ್ಮ ಸುಪ್ರೀಂ ಕೋರ್ಟು ಮಾರಾಟ ತೆರಿಗೆಯ ವಿವಾದವೊಂದರಲ್ಲಿ ಹೇಳಿತು. ವಿದೇಶದಿಂದ ತರಿಸಿದ ಸಾಫ್ಟ್‌ವೇರಿಗೆ ಕೊಟ್ಟ ಹಣ ಕೃತಿಸ್ವಾಮ್ಯದ ರಾಯಧನವೇ ಅಥವಾ ಸರಕಿನ ಬೆಲೆಯೇ ಎಂಬ ಆದಾಯ ತೆರಿಗೆಯ ವ್ಯಾಜ್ಯ ಕರ್ನಾಟಕ ಹೈಕೋರ್ಟಿನಲ್ಲಿ ನಡೆಯಿತು. ರಾಯಧನವೆಂದು ಅದು ಹೇಳಿತು. ೨೦೨೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಇಂಥ ಪರವಾನಗಿ ಕರಾರಿನಿಂದ ಕೃತಿಸ್ವಾಮ್ಯದ ಯಾವ ಅಂಶವೂ ಕೈ ಬದಲಾಗುವುದಿಲ್ಲ, ಆದದ್ದು ಸರಕಿನ ಮಾರಾಟವೇ ಎಂದಿತು. ಇವು ತೆರಿಗೆಯ ತೀರ್ಪುಗಳು. ಆಟಗಾರನ ಹಕ್ಕನ್ನು ನೇರವಾಗಿ ತೀರ್ಮಾನಿಸುವುದಿಲ್ಲ. ಆದರೂ ತೆರಿಗೆಯವನ ಮುಂದೆ ‘ಮಾರಿದೆ’ ಎಂದು ವಾದಿಸಿ, ಹುಡುಗನ ಮುಂದೆ ‘ಮಾರಿಲ್ಲ’ ಎನ್ನುವುದು ಭಾಷೆಯ ವಿದ್ಯಾರ್ಥಿಗೆ ವಿಚಿತ್ರವಾಗಿಯೇ ಕಾಣುತ್ತದೆ.

ಕಂಪೆನಿಗಳ ಪಕ್ಷದಲ್ಲಿಯೂ ನ್ಯಾಯವಿದೆ. ಹಳೆಯ ಪುಸ್ತಕ ಮಾರುವವನ ಪ್ರತಿ ಮಾಸಿರುತ್ತದೆ, ಮಾರಿದ ಮೇಲೆ ಅವನಲ್ಲಿ ಉಳಿಯುವುದಿಲ್ಲ. ಆಟದ ಪ್ರತಿ ಸವೆಯುವುದಿಲ್ಲ, ಕೊಟ್ಟವನಲ್ಲಿಯೂ ಉಳಿಯಬಹುದು. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡಿದ ಕೃತಿ ಒಂದೇ ದಿನದಲ್ಲಿ ಪುಕ್ಕಟೆ ಹರಡಿದರೆ ಅವರ ಹೊಟ್ಟೆಪಾಡೇನು? ಸರ್ವರ್ ನಡೆಸಲು ತಿಂಗಳು ತಿಂಗಳು ಖರ್ಚಿದೆ. ಮೋಸ ಮಾಡುವ ಆಟಗಾರನನ್ನು ಹೊರಹಾಕುವ ಅಧಿಕಾರ ಬೇಕು. ಪರವಾನಗಿ ಕೊಡುವುದು ತಪ್ಪಲ್ಲ. ಪರವಾನಗಿ ಕೊಟ್ಟು ‘ಕೊಳ್ಳಿರಿ’ ಎಂದು ಕರೆಯುವುದು ತಪ್ಪು. ಕ್ಯಾಲಿಫೋರ್ನಿಯ ರಾಜ್ಯ ೨೦೨೪ರಲ್ಲಿ ಇದನ್ನೇ ಹೇಳುವ ಕಾಯಿದೆ ಮಾಡಿತು; ೨೦೨೫ರ ಜನವರಿ ಒಂದರಿಂದ ಅದು ಜಾರಿಗೆ ಬಂತು. ದೊರೆಯುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಅಂಗಡಿಗಳು ‘ಕೊಳ್ಳಿರಿ’ ಎಂಬ ಪದವನ್ನು ಬಳಸುವಂತಿಲ್ಲ. ಶಾಶ್ವತವಾಗಿ ಇಳಿಸಿಕೊಂಡು ಸಂಪರ್ಕವಿಲ್ಲದೆಯೂ ಬಳಸಬಹುದಾದವಕ್ಕೆ ಅದು ಅನ್ವಯಿಸುವುದಿಲ್ಲ. ಒಂದು ಕ್ರಿಯಾಪದದ ಅರ್ಥವನ್ನು ಕಾಪಾಡಲು ಶಾಸನಸಭೆ ಕಾಯಿದೆ ಮಾಡಿದ್ದು ನನಗೆ ಸಂತೋಷದ ಸುದ್ದಿ. ಆ ಕಾಯಿದೆಗೆ ಅಂಕಿತ ಬಿದ್ದ ಬೆನ್ನಲ್ಲೇ, ೨೦೨೪ರ ಅಕ್ಟೋಬರಿನಲ್ಲಿ, ಸ್ಟೀಮ್ ಕೂಡ ಹಣ ಕಟ್ಟುವ ಪುಟದಲ್ಲಿ ಇಂಥ ಸೂಚನೆಯನ್ನು ಸೇರಿಸಿತು.

ಹಾಗಾದರೆ ಮನೆಯ ಹಿರಿಯರು ಏನು ಮಾಡಬೇಕು? ಮೂವತ್ತು ಪುಟವನ್ನೂ ಓದಿ ಎಂದರೆ ಯಾರೂ ಓದುವುದಿಲ್ಲ. ಐದು ಪ್ರಶ್ನೆ ಇಟ್ಟುಕೊಂಡು ಹುಡುಕಿ. ಇದನ್ನು ಮತ್ತೊಬ್ಬರಿಗೆ ಕೊಡಬಹುದೆ? ಸರ್ವರ್ ನಿಂತರೆ, ಅಥವಾ ಇಂಟರ್ನೆಟ್ ಇಲ್ಲದಿದ್ದರೆ, ಆಡಲು ಬರುತ್ತದೆಯೆ? ಹಣ ಹಿಂದಕ್ಕೆ ಪಡೆಯಲು ಎಷ್ಟು ದಿನದ ಅವಧಿ ಇದೆ? ಆಟದೊಳಗೆ ಮತ್ತೆ ಹಣ ಕೇಳುತ್ತದೆಯೆ? ಖಾತೆ ಮುಚ್ಚುವ ಅಧಿಕಾರ ಯಾವ ಕಾರಣಗಳಿಗೆ? ಈ ಐದಕ್ಕೆ ಉತ್ತರ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಉತ್ತರ ಹಿತವಾಗಿರದಿದ್ದರೆ ಬೇರೆ ದಾರಿಗಳಿವೆ. ಪೋಲೆಂಡಿನ ‘ಗಾಗ್’ ಎಂಬ ಮಳಿಗೆ ಆಟದ ಕಡತಗಳನ್ನು ಇಳಿಸಿಕೊಂಡು ನಮ್ಮಲ್ಲೇ ಇಟ್ಟುಕೊಳ್ಳಲು ಬಿಡುತ್ತದೆ. ಅದೂ ಪರವಾನಗಿಯೇ; ಆದರೆ ಕಡತ ನಮ್ಮ ಕೈಯಲ್ಲಿರುತ್ತದೆ.

ಇನ್ನೊಂದು ಮಾತು. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ನಮ್ಮ ವಿವರಗಳನ್ನು ಪಡೆಯುವ ಮುನ್ನ ಕೊಡಬೇಕಾದ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆಂದು ವಿಧಿಸುತ್ತದೆ. ಆ ಅನುಸೂಚಿಯಲ್ಲಿ ಕನ್ನಡವಿದೆ. ವಿವರದ ಸೂಚನೆಗೆ ಸಲ್ಲುವ ಈ ನ್ಯಾಯ ಹಣದ ಕರಾರಿಗೂ ಏಕೆ ಸಲ್ಲಬಾರದು? ನಮ್ಮ ಶಾಸನಗಳನ್ನು ಊರಿನವರಿಗೆ ತಿಳಿಯುವ ನುಡಿಯಲ್ಲಿ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಕೊಟ್ಟದ್ದು ಏನು, ಎಲ್ಲೆ ಯಾವುದು ಎಂಬುದು ದಾರಿಹೋಕನಿಗೂ ಕಾಣಬೇಕೆಂಬುದು ಉದ್ದೇಶ.

ಮೊಮ್ಮಗ ಹಾಸ್ಟೆಲಿಗೆ ಹೊರಡುವ ಹಿಂದಿನ ರಾತ್ರಿ ಆ ಕರಾರಿನ ಸಾರವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಹುಡುಗರಿಬ್ಬರ ಮುಂದಿಟ್ಟೆ. ‘ಇದು ನಿಮ್ಮದಲ್ಲ, ಅವರು ಬಿಟ್ಟಷ್ಟು ದಿನ ನಿಮ್ಮಲ್ಲೊಬ್ಬ ಆಡಬಹುದು’ ಎಂಬುದು ಮೊದಲ ಸಾಲು. ದೊಡ್ಡವನು ಓದಿ ಸುಮ್ಮನಾದ. ಚಿಕ್ಕವನು ಎರಡು ಸಲ ಓದಿ, "ಹಾಗಿದ್ರೆ ಅಷ್ಟೊಂದು ದುಡ್ಡು ಯಾಕೆ ತಗೊಂಡ್ರು ತಾತ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಅದು ಓದಿದ ಮೇಲೆ ಹುಟ್ಟಿದ ಪ್ರಶ್ನೆ. ಎರಡು ವರ್ಷದ ಹಿಂದೆ, ಗುಂಡಿ ಒತ್ತುವ ಮೊದಲು, ನಾನೇ ಅದನ್ನು ಕೇಳಬೇಕಾಗಿತ್ತು.

(ಆಕಾಶವಾಣಿಯ ಕೃಪೆಯಿಂದ)